ದಾವಾವ್ ಪ್ರವಾಸ: ಕಾಡು, ಕಡಲು, ಕಡಾಯವಾನ್ ಹಬ್ಬದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಿಪೀನ್ಸ್ ಪ್ರವಾಸ ನಮ್ಮವರಿಗೆ ಸಲೀಸಾದ ಮೇಲೆ ದಾವಾವ್ ಬಗ್ಗೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಕೆಲವರ ಮಕ್ಕಳು ಅಲ್ಲಿ ಮೆಡಿಕಲ್ ಓದುತ್ತಿದ್ದಾರೆ, ಹಾಗೇ ಒಂದು ವಾರ ಊರು ನೋಡಿಕೊಂಡು ಬರೋಣ ಅನ್ನುತ್ತಾರೆ. ಇನ್ನು ಕೆಲವರು ಆಗಸ್ಟ್‌ನ ಕಡಾಯವಾನ್ ಹಬ್ಬದ ಫೋಟೊ ನೋಡಿ ಕೇಳುತ್ತಾರೆ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಬೆಟ್ಟ ಹತ್ತುವವರ ಪ್ರಶ್ನೆಗಳು.

## ಹೊರಡುವ ಮುಂಚೆ

ದಾವಾವ್ ಎಲ್ಲಿದೆ? ಮನಿಲಾ ಹತ್ತಿರಾನಾ?

ಅಲ್ಲ, ಸಾಕಷ್ಟು ದೂರ. ಮನಿಲಾ ಇರುವುದು ಉತ್ತರದ ಲುಝಾನ್ ದ್ವೀಪದಲ್ಲಿ, ದಾವಾವ್ ದಕ್ಷಿಣದ ಮಿಂಡನಾವ್ ದ್ವೀಪದಲ್ಲಿ. ವಿಮಾನದಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 17 ಲಕ್ಷ ದಾಟಿದೆ. ಆದರೆ ನಗರದ ಗಡಿ 2,400 ಚದರ ಕಿಲೋಮೀಟರಿಗಿಂತ ದೊಡ್ಡದು. ಹಾಗಾಗಿ ಮಾಲ್, ಮಾರುಕಟ್ಟೆ, ಬಾಳೆ ತೋಟ, ಮಳೆಕಾಡು, ದೇಶದ ಅತಿ ಎತ್ತರದ ಅಪೊ ಬೆಟ್ಟದ ಒಂದು ಮಗ್ಗುಲು, ಎಲ್ಲವೂ ಒಂದೇ ನಗರದ ಲೆಕ್ಕದಲ್ಲಿ ಬರುತ್ತವೆ. ಕಾಡು ನೋಡಬೇಕು ಅನ್ನುವವರಿಗೆ ನಾನು ದಾವಾವ್ ಹೇಳುವುದು ಇದೇ ಕಾರಣಕ್ಕೆ.

ನಮಗೆ ವೀಸಾ ಬೇಕಾ?

ಪ್ರವಾಸಕ್ಕೆ ಹೋಗುವ ಭಾರತೀಯರಿಗೆ 2025ರ ಜೂನ್‌ನಿಂದ 14 ದಿನಗಳವರೆಗೆ ವೀಸಾ ಬೇಕಿಲ್ಲ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗೆನ್ ದೇಶಗಳು, ಸಿಂಗಪುರ, ಬ್ರಿಟನ್, ಇವುಗಳಲ್ಲಿ ಯಾವುದಾದರೂ ಒಂದರ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ನಿಮ್ಮ ಹತ್ತಿರ ಇದ್ದರೆ 30 ದಿನ ಸಿಗುತ್ತದೆ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ಹಣ ಇದೆ ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಈ 14 ದಿನಗಳನ್ನು ಅಲ್ಲಿ ಹೋಗಿ ವಿಸ್ತರಿಸಲು ಆಗುವುದಿಲ್ಲ. ಮಗ ಅಲ್ಲಿ ಓದುತ್ತಿದ್ದಾನೆ, ಒಂದು ತಿಂಗಳು ಇದ್ದು ಬರುತ್ತೇವೆ ಅನ್ನುವ ಅಪ್ಪ ಅಮ್ಮಂದಿರು ಮೊದಲೇ ವೀಸಾ ಮಾಡಿಸುವುದು ಒಳ್ಳೆಯದು.

ಇನ್ನೊಂದು ವಿಷಯ. ವಿಮಾನ ಇಳಿಯುವ ಮುಂಚಿನ 72 ಗಂಟೆಯೊಳಗೆ ಸರ್ಕಾರದ ಇ-ಟ್ರಾವೆಲ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಒಂದು ರೂಪಾಯಿಯೂ ಇಲ್ಲ. ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಬೇರೆ ಯಾರದೋ, ತಕ್ಷಣ ಮುಚ್ಚಿಬಿಡಿ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಮಾಡುವ ಮುಂಚೆ ರಾಯಭಾರ ಕಚೇರಿಯ ಪುಟ ಒಮ್ಮೆ ನೋಡಿ.

ಬೆಂಗಳೂರಿಂದ ಹೇಗೆ ಹೋಗೋದು? ಮನಿಲಾಗೆ ಹೋಗಲೇಬೇಕಾ?

ಬೇಕಿಲ್ಲ. ಸಿಂಗಪುರದಿಂದ ದಾವಾವ್‌ಗೆ ನೇರ ವಿಮಾನ ಇದೆ, ನಾಲ್ಕು ಗಂಟೆಯೊಳಗೆ ತಲುಪಿಸುತ್ತದೆ. ಬೆಂಗಳೂರು-ಸಿಂಗಪುರ-ದಾವಾವ್ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಸಿಂಗಪುರದಲ್ಲಿ ಲಗೇಜ್ ಬಿಡಿಸಿಕೊಳ್ಳಲು ಹೊರಗೆ ಬರಬೇಕಾಗಬಹುದು, ಆಗ ಅಲ್ಲಿನ ವೀಸಾ ಬೇಕಾಗುತ್ತದೆ. ಎಷ್ಟೋ ಜನ ಇದನ್ನು ಗಮನಿಸದೆ ಅಗ್ಗದ ಟಿಕೆಟ್ ಅಂತ ತೆಗೆದುಬಿಡುತ್ತಾರೆ.

ಮನಿಲಾ ದಾರಿಯಲ್ಲಿ ಹೋಗುವುದಾದರೆ ದೆಹಲಿಯಿಂದ 2025ರ ಅಕ್ಟೋಬರ್‌ನಲ್ಲಿ ನೇರ ವಿಮಾನ ಶುರುವಾಯಿತು. ಮನಿಲಾ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್‌ಗಳು ದೂರ ದೂರ ಇವೆ, ನಡುವೆ ಟ್ರಾಫಿಕ್ ಬೇರೆ. ಎರಡು ವಿಮಾನಗಳ ನಡುವೆ ನಾಲ್ಕೈದು ಗಂಟೆ ಬಿಟ್ಟುಕೊಳ್ಳಿ. ಹಬ್ಬದ ವಾರ ದೇಶೀ ವಿಮಾನಗಳ ದರ ತುಂಬಾ ಏರುತ್ತದೆ, ಜೂನ್ ಹೊತ್ತಿಗೇ ಟಿಕೆಟ್ ಕೈಯಲ್ಲಿದ್ದರೆ ಕ್ಷೇಮ.

ಯಾವ ತಿಂಗಳು ಚೆನ್ನಾಗಿರುತ್ತೆ? ಚಂಡಮಾರುತ ಬರಲ್ವಾ?

ದಾವಾವ್ ಸಮಭಾಜಕ ವೃತ್ತಕ್ಕೆ ಹತ್ತಿರ, 7 ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ಟೈಫೂನ್‌ಗಳು ಸಾಮಾನ್ಯವಾಗಿ ಇದರ ಉತ್ತರಕ್ಕೇ ಹಾದುಹೋಗುತ್ತವೆ. ಬರುವುದೇ ಇಲ್ಲ ಅಂತಲ್ಲ. 2012ರ ಡಿಸೆಂಬರ್‌ನಲ್ಲಿ ಬಂದ ಪಾಬ್ಲೋ ಟೈಫೂನ್ ನೆರೆಯ ಪ್ರಾಂತ್ಯಗಳನ್ನು ಧ್ವಂಸ ಮಾಡಿತ್ತು. ನಮ್ಮಲ್ಲಿಯ ಹಾಗೆ ಮಳೆಗಾಲ, ಬೇಸಿಗೆ ಅಂತ ಗೆರೆ ಎಳೆದ ಹಾಗೆ ಇಲ್ಲ. ವರ್ಷವಿಡೀ ಮಳೆ ಬರುತ್ತದೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಜೋರಾಗಿ ಸುರಿದು ನಿಲ್ಲುತ್ತದೆ. ಹೊರಗಿನ ಸುತ್ತಾಟ ಎಲ್ಲ ಬೆಳಗ್ಗೆ ಇಟ್ಟುಕೊಳ್ಳಿ. ಹಬ್ಬ, ಹಣ್ಣು ಎರಡೂ ಬೇಕು ಅಂದರೆ ಆಗಸ್ಟ್. ಬೆಟ್ಟಕ್ಕೆ ಮಾರ್ಚ್, ಏಪ್ರಿಲ್ ಕಡೆ ಮಳೆ ಸ್ವಲ್ಪ ಕಮ್ಮಿ.

ಭೂಕಂಪದ ಪ್ರದೇಶ ಅನ್ನುವುದು ಗೊತ್ತಿರಲಿ. 2019ರ ಅಕ್ಟೋಬರ್‌ನಲ್ಲಿ ಸಾಲು ಸಾಲು ಕಂಪನಗಳಾದವು. 2025ರ ಅಕ್ಟೋಬರ್ 10ರಂದು ಪೂರ್ವ ಕರಾವಳಿಯಾಚೆ 7.4ರ ಪ್ರಮಾಣದ್ದು ಆಯಿತು. ಹೋಟೆಲ್ ಸೇರಿದ ಕೂಡಲೇ ಮೆಟ್ಟಿಲು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ಮಿಂಡನಾವ್ ಅಂದ್ರೆ ಅಪಾಯ ಅಂತಾರಲ್ಲ, ಹೆಂಗಸರು ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ದಾವಾವ್ ನಗರಕ್ಕೆ ಹೋಗಬಹುದು. ಮಿಂಡನಾವ್ ದೊಡ್ಡ ದ್ವೀಪ. ದಶಕಗಳ ಕಾಲ ಸಂಘರ್ಷ ನಡೆದದ್ದು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯ ಭಾಗದಲ್ಲಿ, ಸುಲು ದ್ವೀಪಗಳಲ್ಲಿ. ಆ ಕಡೆ ಸುಮ್ನೆ ಸುತ್ತಾಡಲು ಹೋಗಬೇಡಿ. ದಾವಾವ್‌ನಲ್ಲೂ 2016ರ ಸೆಪ್ಟೆಂಬರ್ 2ರಂದು ರೊಹಾಸ್ ರಾತ್ರಿ ಮಾರುಕಟ್ಟೆಯಲ್ಲಿ ಬಾಂಬ್ ಸಿಡಿದು ಜನ ಸತ್ತರು. ಊರು ಅದನ್ನು ಮರೆತಿಲ್ಲ. ಅದಕ್ಕೇ ಮಾಲ್, ಮಾರುಕಟ್ಟೆ, ಮೆರವಣಿಗೆ, ಎಲ್ಲಿ ಹೋದರೂ ಬ್ಯಾಗ್ ತಪಾಸಣೆ ಇರುತ್ತದೆ. ಬೇಸರ ಮಾಡಿಕೊಳ್ಳದೆ ತೋರಿಸಿ. ರಾತ್ರಿ ಮಾರುಕಟ್ಟೆ ಈಗಲೂ ನಡೆಯುತ್ತದೆ, ಸಂಸಾರ ಸಮೇತ ಜನ ಬಂದು ಕೂತು ತಿನ್ನುತ್ತಾರೆ. ತುರ್ತಿಗೆ 911 ಒತ್ತಿ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೊಂದೇ ನಂಬರ್.

ನನ್ನ ಲೆಕ್ಕದಲ್ಲಿ ಪ್ರವಾಸಿಗೆ ದಿನನಿತ್ಯದ ಅಪಾಯ ಅಂದರೆ ಸೊಳ್ಳೆ. ಡೆಂಗಿ ಇದೆ. ಸೊಳ್ಳೆ ಓಡಿಸುವ ಕ್ರೀಮ್ ಮರೆಯಬೇಡಿ.

ದುಡ್ಡು ಹೇಗೆ ತಗೊಂಡು ಹೋಗೋದು?

ಒಂದು ಪೆಸೊ ಅಂದರೆ ಸುಮಾರು ಒಂದೂವರೆ ರೂಪಾಯಿ ಅಂತ ಇಟ್ಟುಕೊಳ್ಳಿ. ರೂಪಾಯಿ ಅಲ್ಲಿ ಬದಲಾಯಿಸುವುದು ಕಷ್ಟ, ಡಾಲರ್ ಒಯ್ಯಿರಿ. ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 250 ಪೆಸೊ ಆಸುಪಾಸು ಹಿಡಿಯುತ್ತವೆ, ಆದ್ದರಿಂದ ಸಣ್ಣ ಸಣ್ಣ ಮೊತ್ತ ತೆಗೆಯುವುದು ನಷ್ಟ. ಜೀಪ್ನಿ ಅನ್ನುವ ಜೀಪಿನಂಥ ಮಿನಿ ಬಸ್ಸಿಗೆ, ಹಣ್ಣಿನ ಅಂಗಡಿಗೆ, ದೋಣಿಗೆ ಚಿಲ್ಲರೆ ಬೇಕೇ ಬೇಕು. ನಮ್ಮ ಯುಪಿಐ ಅಭ್ಯಾಸ ಅಲ್ಲಿ ನಡೆಯಲ್ಲ.

## ಊರೊಳಗೆ

ಓಡಾಟಕ್ಕೆ ಏನಿದೆ? ಭಾಷೆ ತೊಂದರೆ ಆಗತ್ತಾ?

ಊರೊಳಗೆ ಮೀಟರ್ ಟ್ಯಾಕ್ಸಿ, ನಮ್ಮ ಓಲಾ, ಊಬರ್ ಥರದ ಗ್ರ್ಯಾಬ್, ಜೀಪ್ನಿ. ದಾವಾವ್ ಟ್ಯಾಕ್ಸಿಯವರು ಮೀಟರ್ ಹಾಕುತ್ತಾರೆ, ಚಿಲ್ಲರೆ ಎಣಿಸಿ ವಾಪಸ್ ಕೊಡುತ್ತಾರೆ. ಈ ಒಳ್ಳೆ ಹೆಸರನ್ನು ಅವರು ಜತನ ಮಾಡಿಕೊಂಡು ಬಂದಿದ್ದಾರೆ. ಜೀಪ್ನಿಯಲ್ಲಿ ದುಡ್ಡನ್ನು ಮುಂದೆ ಕೂತವರ ಕೈಗೆ ಕೊಟ್ಟರೆ ಕೈಯಿಂದ ಕೈಗೆ ದಾಟಿ ಡ್ರೈವರ್ ಮುಟ್ಟುತ್ತದೆ, ಚಿಲ್ಲರೆಯೂ ಹಾಗೇ ಬರುತ್ತದೆ. ಇಳಿಯಬೇಕಾದಾಗ 'ಲುಗಾರ್ ಲಂಗ್' ಅಂತ ಜೋರಾಗಿ ಹೇಳಿ. ಹೊರವಲಯದಲ್ಲಿ ಟ್ರೈಸಿಕಲ್ ಅನ್ನುವ, ಪಕ್ಕದಲ್ಲಿ ಜನ ಕೂರುವ ಗಾಡಿ ಜೋಡಿಸಿದ ಬೈಕು, ಬೆಟ್ಟದ ಹಳ್ಳಿಗಳಿಗೆ ಹಬಲ್-ಹಬಲ್ ಅನ್ನುವ ಬಾಡಿಗೆ ಬೈಕು.

ಜನ ಮಾತಾಡುವುದು ಬಿಸಾಯ, ಅದರಲ್ಲಿ ತಗಾಲೋಗ್ ಬೆರೆತಿರುತ್ತದೆ. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ವಯಸ್ಸಾದ ಅಂಗಡಿಯವರೂ ಬೆಲೆ, ದಾರಿ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ನಾವು ಸಸ್ಯಾಹಾರಿಗಳು, ಉಪವಾಸ ಬೀಳ್ತೀವಾ?

ಬೀಳುವುದಿಲ್ಲ, ಆದರೆ ಕೇಳಿ ಕೇಳಿ ತಿನ್ನಬೇಕು. ಅಲ್ಲಿ ತರಕಾರಿ ಪಲ್ಯ ಅಂದರೂ ಅದರಲ್ಲಿ ಹಂದಿ ಮಾಂಸದ ಚೂರು, ಸಿಗಡಿ ಪೇಸ್ಟ್ ಅಥವಾ ಮೀನಿನ ಸಾಸ್ ಇರುತ್ತದೆ. ಹೆಸರುಕಾಳಿನ ಸಾರು ಅಂತ ಸಂತೋಷಪಟ್ಟು ಮೊಂಗೊ ತರಿಸಿಕೊಂಡರೆ ಅದರೊಳಗೂ ಒಣಮೀನು ಸಿಗಬಹುದು. 'ವೆಜಿಟೇರಿಯನ್' ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಸಿಗಡಿ ಬೇಡ, ಸಾಸ್ ಬೇಡ ಅಂತ ಒಂದೊಂದಾಗಿ ಹೇಳಿ.

ಧೈರ್ಯವಾಗಿ ತಿನ್ನಬಹುದಾದ್ದೂ ಬೇಕಾದಷ್ಟಿದೆ. ಬೆಳಗ್ಗೆ ಬಂಕೆರೋಹಾನ್ ಮಾರುಕಟ್ಟೆಗೆ ಹೋಗಿ ಪುತೊ ಮಾಯ, ಸಿಕ್ವಾತೆ ಕೇಳಿ. ಪುತೊ ಮಾಯ ಅಂದರೆ ಅಂಟಕ್ಕಿಯನ್ನು ತೆಂಗಿನ ಹಾಲು, ಶುಂಠಿ ಹಾಕಿ ಬೇಯಿಸಿದ್ದು. ಸಿಕ್ವಾತೆ ಅಂದರೆ ಕೊಕೊ ಬೀಜ ಹುರಿದು ಅರೆದು ಮಾಡಿದ ಬಿಲ್ಲೆಯನ್ನು ಬಿಸಿನೀರಲ್ಲಿ ಕಡೆದು ಕೊಡುವ ಗಟ್ಟಿ ಚಾಕಲೇಟ್. ಅನ್ನದ ಮೇಲೆ ಸಕ್ಕರೆ ಉದುರಿಸಿ, ಪಕ್ಕದಲ್ಲಿ ಮಾವಿನ ಹೋಳು ಇಟ್ಟುಕೊಂಡು, ಒಂದು ತುತ್ತು ಅನ್ನ ಒಂದು ಗುಟುಕು ಸಿಕ್ವಾತೆ ಅಂತ ಸಾಗಬೇಕು. ದಾವಾವ್ ಸುತ್ತ ಕೊಕೊ ತೋಟಗಳು ಎಷ್ಟಿವೆ ಅಂದರೆ 2021ರಲ್ಲಿ ಕಾನೂನು ಮಾಡಿ ಈ ಊರನ್ನು ದೇಶದ ಚಾಕಲೇಟ್ ರಾಜಧಾನಿ ಅಂತ ಘೋಷಿಸಿದರು. ರಸ್ತೆ ಬದಿಯಲ್ಲಿ ಸಕ್ಕರೆ ಹಚ್ಚಿ ಕರಿದ ಬಾಳೆಹಣ್ಣು, ಬೆಲ್ಲದ ಪಾಕ ಹಾಕಿದ ಮೆತ್ತನೆ ತೋಫುವಿನ ತಾಹೊ, ಬಾಳೆಲೆಯಲ್ಲಿ ಸುತ್ತಿದ ಸುಮಾನ್ ಸಿಗುತ್ತವೆ.

ಅನ್ನ ಸಾರು ಬೇಕೇ ಬೇಕು ಅನ್ನುವವರಿಗೆ ಭಾರತೀಯ ಮೆಸ್‌ಗಳಿವೆ. ದಾವಾವ್‌ನಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಮೆಡಿಕಲ್ ಓದುತ್ತಿದ್ದಾರೆ, ಹೆಚ್ಚಿನವರು ದಕ್ಷಿಣದವರು. ಅವರ ಕಾಲೇಜು, ಹಾಸ್ಟೆಲ್‌ಗಳ ಆಸುಪಾಸಿನಲ್ಲಿ ಹುಡುಕಿದರೆ ಇಡ್ಲಿ, ಸಾಂಬಾರ್, ದಿನಸಿ ಎಲ್ಲ ಇದೆ.

ಡ್ಯೂರಿಯನ್ ವಾಸನೆ ತಡೆಯೋಕಾಗಲ್ವಂತೆ. ತಿನ್ನಲೇಬೇಕಾ?

ತಿನ್ನಿ. ವಾಸನೆ ಗಾಢ, ಸುಳ್ಳು ಹೇಳಲ್ಲ. ಹಲಸು ತಿಂದು ಬೆಳೆದ ನಮಗೆ ಬೇರೆಯವರಷ್ಟು ಕಷ್ಟ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಗ್ಸಾಯ್‌ಸಾಯ್ ಪಾರ್ಕ್ ಹತ್ತಿರದ ಹಣ್ಣಿನ ಅಂಗಡಿಗಳಿಗೆ ಸಂಜೆ ಹೋಗಿ. ಅಂಗಡಿಯವರು ಚಾಕುವಿನ ಹಿಂಭಾಗದಿಂದ ಹಣ್ಣನ್ನು ಬಡಿದು ಶಬ್ದ ಕೇಳುತ್ತಾರೆ, ತೊಟ್ಟಿನ ಹತ್ತಿರ ಮೂಸುತ್ತಾರೆ, ಆಮೇಲೆ ಮುಳ್ಳಿನ ನಡುವಿನ ಗೆರೆ ಹಿಡಿದು ಸೀಳುತ್ತಾರೆ. ಕೈಗೆ ಪ್ಲಾಸ್ಟಿಕ್ ಗ್ಲೌಸ್ ಕೊಡುತ್ತಾರೆ, ಅಲ್ಲೇ ಕೂತು ತಿನ್ನಬೇಕು. ಮೊದಲ ಸಲದವರು 'ಪುಯಾತ್' ತಳಿ ಕೇಳಿ, ತಿರುಳು ದಪ್ಪ, ಸಿಹಿ. 'ನೇಟಿವ್' ಅನ್ನುವುದು ಸಣ್ಣದು, ವಾಸನೆ ರುಚಿ ಎರಡೂ ಖಡಕ್, ಅದನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಹಣ್ಣಿನ ಜೊತೆ ಮದ್ಯ ಬೇಡ ಅಂತ ಅಲ್ಲಿಯವರೇ ಹೇಳುತ್ತಾರೆ, ಕೇಳುವುದು ಒಳ್ಳೆಯದು. ಹೋಟೆಲ್ ರೂಮಿಗೆ, ವಿಮಾನದೊಳಕ್ಕೆ ಒಯ್ಯುವ ಹಾಗಿಲ್ಲ.

ಡ್ಯೂರಿಯನ್ ಬೇಡವೇ ಬೇಡ ಅಂದರೆ ಮರಾಂಗ್ ತಿನ್ನಿ. ಅದು ಹಲಸಿನ ಕುಲದ್ದೇ ಹಣ್ಣು. ಮೇಲಿನ ಸಿಪ್ಪೆಯನ್ನು ಕೈಯಲ್ಲೇ ಬಿಡಿಸಿ ಎತ್ತಿದರೆ ಬಿಳಿ ತೊಳೆಗಳ ಗೊಂಚಲು ಪೂರ್ತಿ ನಿಲ್ಲುತ್ತದೆ. ಬಿಡಿಸಿದ ಮೇಲೆ ಬೇಗ ಕೆಡುತ್ತದೆ, ಹಾಗಾಗಿ ಇದು ದೂರದ ಊರುಗಳಿಗೆ ಹೋಗುವುದೇ ಕಮ್ಮಿ. ನನಗಂತೂ ದಾವಾವ್ ಹಣ್ಣುಗಳಲ್ಲಿ ಇದೇ ಮೊದಲು.

ಸಿಗರೇಟು, ಕುಡಿತ, ಪಟಾಕಿ ಎಲ್ಲಾ ಬಂದ್ ಅಂತೆ, ನಿಜಾನಾ?

ಸಿಗರೇಟು ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ, ವೇಪ್ ಕೂಡ. ಗುರುತು ಹಾಕಿದ ಜಾಗದಲ್ಲಿ ಮಾತ್ರ. ಮದ್ಯವನ್ನು ರಾತ್ರಿ 1ರಿಂದ ಬೆಳಗ್ಗೆ 8ರವರೆಗೆ ಮಾರುವುದಿಲ್ಲ. ಪಟಾಕಿ ಎರಡು ದಶಕಗಳಿಂದ ಪೂರ್ತಿ ನಿಷೇಧ. ನಗರದೊಳಗೆ ವಾಹನಗಳ ವೇಗಕ್ಕೂ ಮಿತಿ ಇದೆ. ಪ್ರವಾಸಿ ಅಂತ ಯಾರೂ ಬಿಡುವುದಿಲ್ಲ, ದಂಡ ಕಟ್ಟಿಸುತ್ತಾರೆ.

ಇಂಡಿಯನ್ಸ್ ಅಂದ್ರೆ ಅಲ್ಲಿಯವರು ಹೇಗೆ ನೋಡ್ತಾರೆ? ರಾಜಕೀಯ ಮಾತಾಡಬಹುದಾ?

ಜನ ಸ್ನೇಹದವರು. ಫಿಲಿಪೀನ್ಸ್‌ನಲ್ಲಿ ಬಹಳ ಕಾಲದಿಂದ ಬೈಕ್ ಮೇಲೆ ಓಡಾಡಿ ಸಣ್ಣ ಸಾಲ ಕೊಡುವ ಪಂಜಾಬಿಗಳಿದ್ದಾರೆ, ಅವರ ಕಾರಣಕ್ಕೆ ಭಾರತೀಯರನ್ನು 'ಬುಂಬೈ' ಅಂತ ಕರೆಯುವ ರೂಢಿ ಇದೆ. ಹೆಚ್ಚಿನ ಸಲ ಅದರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಈಗ ದಾವಾವ್‌ನಲ್ಲಿ ಭಾರತೀಯ ಅಂದರೆ ಡಾಕ್ಟರ್ ಓದಲು ಬಂದವರಾ ಅಂತ ಮೊದಲು ಕೇಳುತ್ತಾರೆ.

ರಾಜಕೀಯ ಎತ್ತದಿರುವುದು ಮೇಲು. ರೊಡ್ರಿಗೊ ದುತೆರ್ತೆ ಈ ಊರಿಗೆ ಎರಡು ದಶಕಕ್ಕಿಂತ ಹೆಚ್ಚು ಕಾಲ ಮೇಯರ್ ಆಗಿದ್ದವರು, 2016ರಿಂದ 2022ರವರೆಗೆ ರಾಷ್ಟ್ರಾಧ್ಯಕ್ಷರು. 2025ರ ಮಾರ್ಚ್‌ನಲ್ಲಿ ಅವರನ್ನು ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಯ್ದರು. ಅದರ ನೋವು, ಸಿಟ್ಟು ಅಲ್ಲಿನ ಎಷ್ಟೋ ಮನೆಗಳಲ್ಲಿ ಇದೆ. ಅವರ ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳೂ ಆ ದೇಶದಲ್ಲಿ ಇವೆ. ನಾವು ಅತಿಥಿಗಳು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳೋಣ.

## ಹಬ್ಬ

ಕಡಾಯವಾನ್ ಅಂದ್ರೆ ಯಾವ ಹಬ್ಬ? ಚರ್ಚಿನದಾ?

ಫಿಲಿಪೀನ್ಸ್‌ನ ಹೆಸರಾದ ಹಬ್ಬಗಳು, ಸೆಬುವಿನ ಸಿನುಲೋಗ್, ಇಲೊಯಿಲೊದ ದಿನಗ್ಯಾಂಗ್, ಎಲ್ಲ ಬಾಲ ಏಸುವಿನ ಹೆಸರಿನಲ್ಲಿ ನಡೆಯುವಂಥವು. ಕಡಾಯವಾನ್ ಬೇರೆ. ಇದು ಸುಗ್ಗಿಯ ಹಬ್ಬ. ಬೆಳೆ, ಹಣ್ಣು, ಹೂವಿಗೆ ಕೃತಜ್ಞತೆ ಹೇಳುವ ಬೆಟ್ಟದ ಜನರ ರೂಢಿಯಿಂದ ಬಂದದ್ದು. ಈಗಿನ ರೂಪದ ಹಬ್ಬ ಶುರುವಾದದ್ದು 1986ರಲ್ಲಿ. ಸರ್ವಾಧಿಕಾರಿ ಮಾರ್ಕೋಸ್ ಆಳ್ವಿಕೆ ಮುಗಿದ ಹೊಸತರಲ್ಲಿ ಊರಿನ ಜನರನ್ನು ಒಟ್ಟಿಗೆ ತರಬೇಕು ಅಂತ 'ಅಪೊ ದುವಾಲಿಂಗ್' ಅನ್ನುವ ಹೆಸರಲ್ಲಿ ಮಾಡಿದರು. ಅಪೊ ಬೆಟ್ಟ, ಡ್ಯೂರಿಯನ್, ವಾಲಿಂಗ್-ವಾಲಿಂಗ್ ಅನ್ನುವ ಆರ್ಕಿಡ್, ಈ ಮೂರೂ ಆ ಒಂದು ಹೆಸರಲ್ಲಿದ್ದವು. 1988ರಲ್ಲಿ ಅದು ಕಡಾಯವಾನ್ ಆಯಿತು.

ಹಾಗಾಗಿ ಬರೀ ಮೆರವಣಿಗೆ ನೋಡಿ ವಿಮಾನ ಹತ್ತಿದರೆ ಅರ್ಧ ಹಬ್ಬವನ್ನಷ್ಟೇ ನೋಡಿದ ಹಾಗೆ. ರಥಗಳ ಮೇಲಿನ ಹಣ್ಣು, ಹೂವು, ಮುಂದೆ ಕುಣಿಯುವ ಜನ, ಎಲ್ಲ ಆ ಬೆಟ್ಟದ ಸುತ್ತಲಿಂದ ಬಂದದ್ದು. ಎರಡು ದಿನ ಮುಂಚೆ ಬಂದು ಕಾಡಿನ ಕಡೆ ಹೋಗಿ, ಬಾವಲಿ ಗುಹೆ, ಹದ್ದಿನ ಕೇಂದ್ರ ನೋಡಿ, ಆಮೇಲೆ ಬೀದಿಗೆ ಬನ್ನಿ. ಕೇಳಿದವರಿಗೆಲ್ಲ ನಾನು ಒತ್ತಿ ಹೇಳುವುದು ಇದೊಂದನ್ನೇ.

ಹನ್ನೊಂದು ಬುಡಕಟ್ಟು ಅಂತಾರೆ, ಯಾರ್ಯಾರು ಅವರು?

ಬೆಟ್ಟದ ಕಡೆಯ ಲುಮಾದ್ ಜನರಲ್ಲಿ ಐದು ಗುಂಪು: ಆತಾ, ಮಾಟಿಗ್‌ಸಲುಗ್, ಓವು-ಮನುವು, ಕ್ಲಾತಾ, ತಗಬವಾ. ಮುಸ್ಲಿಂ ಸಮುದಾಯಗಳು ಆರು: ಕಾಗನ್, ಮಗಿಂದನಾವ್, ಮರನಾವ್, ತೌಸುಗ್, ಇರಾನುನ್, ಸಾಮಾ. ಹಬ್ಬದ ದಿನಗಳಲ್ಲಿ ಮಗ್ಸಾಯ್‌ಸಾಯ್ ಪಾರ್ಕಿನಲ್ಲಿ ಪ್ರತಿ ಸಮುದಾಯ ತನ್ನ ರೀತಿಯ ಮನೆ ಕಟ್ಟಿ ಕೂರುತ್ತದೆ, ಅದನ್ನು ಕಡಾಯವಾನ್ ಹಳ್ಳಿ ಅನ್ನುತ್ತಾರೆ. ಅಲ್ಲಿ ಅವರ ಅಡುಗೆ ತಿನ್ನಬಹುದು, ನೇಯ್ಗೆ ನೋಡಬಹುದು, ಅಗುಂಗ್ ಅನ್ನುವ ದೊಡ್ಡ ಕಂಚಿನ ಜಾಗಟೆ ಬಾರಿಸುವುದನ್ನು ಪಕ್ಕದಲ್ಲೇ ನಿಂತು ಕೇಳಬಹುದು. ಮೆರವಣಿಗೆಗಿಂತ ಈ ಹಳ್ಳಿಗೆ ಜಾಸ್ತಿ ಸಮಯ ಕೊಡಿ.

ಇಲ್ಲಿ ಅಬಾಕಾ ನಾರಿನ ನೇಯ್ಗೆ ನೋಡಲೇಬೇಕು. ಅಬಾಕಾ ಬಾಳೆಯ ಕುಲದ ಗಿಡ, ಅದರ ದಿಂಡಿನ ಪಟ್ಟೆಯಿಂದ ನಾರು ತೆಗೆಯುತ್ತಾರೆ. ತಗಬವಾ ಹೆಂಗಸರು ನಾರನ್ನು ಒಂದೊಂದೇ ಗಂಟು ಹಾಕಿ ಉದ್ದ ಮಾಡಿ, ಕಟ್ಟಿ, ಬಣ್ಣ ಹಾಕಿ, ಇನಬಲ್ ಅನ್ನುವ ಬಟ್ಟೆ ನೇಯುತ್ತಾರೆ. ಒಂದು ತುಂಡಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆಲೆ ಕೇಳಿ ಚೌಕಾಸಿ ಶುರು ಮಾಡುವ ಮುಂಚೆ ಆ ಗಂಟುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ.

ಮೆರವಣಿಗೆ ಎಲ್ಲಿ ನಿಂತು ನೋಡಬೇಕು? ಎಷ್ಟು ಹೊತ್ತಿಗೆ?

ದೊಡ್ಡವು ಎರಡು, ಆಗಸ್ಟ್ ಮೂರನೇ ವಾರಾಂತ್ಯದ ಆಸುಪಾಸಿನಲ್ಲಿ. ಒಂದು ಇಂಡಾಕ್-ಇಂಡಾಕ್, ಬೀದಿ ಕುಣಿತದ ಸ್ಪರ್ಧೆ. ಇನ್ನೊಂದು ಪಮುಲಾಕ್, ಹೂವಿನ ರಥಗಳದ್ದು. ದಿನ, ದಾರಿ ವರ್ಷ ವರ್ಷ ಬದಲಾಗುತ್ತವೆ, ನಗರಾಡಳಿತ ಆಗಸ್ಟ್ ಮೊದಲಲ್ಲಿ ಹೇಳುತ್ತದೆ. ಹಳೇ ಪೇಟೆಯ ಸಾನ್ ಪೆದ್ರೊ ರಸ್ತೆ ಸುತ್ತಮುತ್ತ ರೂಮ್ ಹಿಡಿದರೆ ನಡೆದೇ ಹೋಗಬಹುದು. ರಸ್ತೆಗಳನ್ನು ಬೆಳಗಿನ ಜಾವವೇ ಮುಚ್ಚುತ್ತಾರೆ, ಆರು ಗಂಟೆಗೆ ಜಾಗ ಹಿಡಿಯಿರಿ. ನೆರಳಿರುವ ಮಗ್ಗುಲು ನೋಡಿ ನಿಲ್ಲಿ, ಒಂಬತ್ತರ ಬಿಸಿಲು ತಡೆಯಲು ಆಗುವುದಿಲ್ಲ.

ಬೆನ್ನಿಗೆ ಹಾಕುವ ಬ್ಯಾಗ್ ಬಿಡದಿರುವ ರೂಢಿ ಇದೆ, ಕೆಲವು ಸಲ ಭದ್ರತೆಗಾಗಿ ಮೊಬೈಲ್ ಸಿಗ್ನಲ್ಲನ್ನೂ ನಿಲ್ಲಿಸುತ್ತಾರೆ. ಮನೆಯವರು ತಪ್ಪಿಹೋದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಪಾರದರ್ಶಕ ನೀರಿನ ಬಾಟಲಿ, ಟೋಪಿ, ಚಿಲ್ಲರೆ ಇಷ್ಟು ಸಾಕು.

ಬುಡಕಟ್ಟಿನವರ ಫೋಟೊ ತೆಗಿಬಹುದಾ?

ಬೀದಿಯಲ್ಲಿ ಕುಣಿಯುವಾಗ ತೆಗೆಯಿರಿ. ಅಲ್ಲಿ ಕುಣಿಯುವವರಲ್ಲಿ ಬಹಳ ಜನ ಶಾಲೆ, ಕಾಲೇಜಿನ ಮಕ್ಕಳು, ಬುಡಕಟ್ಟಿನವರೇ ಆಗಿರಬೇಕಿಲ್ಲ. ಕಡಾಯವಾನ್ ಹಳ್ಳಿಯಲ್ಲಿ, ಮನೆಯ ಮುಂದೆ, ಪೂಜೆಯಂಥ ವಿಧಿ ನಡೆಯುವಾಗ ಕೇಳದೆ ಕ್ಯಾಮೆರಾ ಎತ್ತಬೇಡಿ. ಅವರ ಉಡುಪು ಬಾಡಿಗೆಗೆ ಹಾಕಿಕೊಂಡು ಸೆಲ್ಫಿ ತೆಗೆಯುವುದನ್ನೂ ನಾನು ಒಪ್ಪುವುದಿಲ್ಲ. ಆ ಮಣಿ, ಆ ಬಣ್ಣ ಅವರಲ್ಲಿ ಯಾರು ಯಾವಾಗ ತೊಡಬೇಕು ಅಂತ ಕಟ್ಟುಪಾಡು ಇದೆ.

ಆಗಸ್ಟ್‌ಗೆ ರಜ ಸಿಗಲ್ಲ. ಬೇರೆ ಹಬ್ಬ ಇಲ್ವಾ?

ಮಾರ್ಚ್ 16 ಅರಾವ್ ನಾಂಗ್ ದಾವಾವ್, ಊರಿನ ಹುಟ್ಟುಹಬ್ಬ. 1937ರಲ್ಲಿ ಆ ದಿನ ದಾವಾವ್ ನಗರವಾಗಿ ಶುರುವಾಯಿತು. ಮೆರವಣಿಗೆ ಇದೆ, ನೂಕುನುಗ್ಗಲು ಕಡಾಯವಾನ್‌ಗಿಂತ ಕಮ್ಮಿ. ಡಿಸೆಂಬರ್ ಪೂರ್ತಿ ಪಾಸ್ಕೊ ಫಿಯೆಸ್ತಾ, ಕ್ರಿಸ್‌ಮಸ್ ದೀಪಗಳು. ಪಟಾಕಿ ಇಲ್ಲದ ಊರು ಹೊಸ ವರ್ಷಕ್ಕೆ ಸಾವಿರಾರು ಜನ ಸೇರಿ ತುತ್ತೂರಿ ಊದುವ ತೊರೊತೊತ್ ಹಬ್ಬ ಕಟ್ಟಿಕೊಂಡಿದೆ. ಮಕ್ಕಳಿಗೆ ಅದು ಬಹಳ ಇಷ್ಟ ಆಗುತ್ತದೆ.

## ಕಾಡು, ಕಡಲು, ಬೆಟ್ಟ

ಹದ್ದಿನ ಕೇಂದ್ರ ಅಂದ್ರೆ ಝೂ ಥರಾನಾ? ಅಷ್ಟು ದೂರ ಹೋಗಬೇಕಾ?

ಹೋಗಬೇಕು. ಫಿಲಿಪೀನ್ ಹದ್ದು ಈ ದೇಶದಲ್ಲಿ ಮಾತ್ರ ಇರುವ ಪಕ್ಷಿ, 1995ರಿಂದ ರಾಷ್ಟ್ರಪಕ್ಷಿ, ಕಾಡಿನಲ್ಲಿ ಉಳಿದಿರುವುದು ಸುಮಾರು 400 ಜೋಡಿ. ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಒಂದು ಜೋಡಿ ಬದುಕಲು ಸಾವಿರಾರು ಹೆಕ್ಟೇರ್ ಕಾಡು ಬೇಕು. ಕಾಡು ಕಡಿದರು, ಗುಂಡು ಹೊಡೆದರು, ಉಳಿದದ್ದು ಇಷ್ಟು. ಮಲಾಗೊಸ್‌ನ ಈ ಕೇಂದ್ರದಲ್ಲಿ 1992ರ ಜನವರಿ 15ರಂದು ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಮೊಟ್ಟೆಯೊಡೆದು ಬಂತು. ಪಗ್-ಅಸಾ, ಅಂದರೆ ಭರವಸೆ, ಅಂತ ಹೆಸರಿಟ್ಟರು. ಅದು 28 ವರ್ಷ ಬದುಕಿ 2021ರ ಜನವರಿಯಲ್ಲಿ ತೀರಿಕೊಂಡಿತು.

ಇಲ್ಲಿರುವ ಹದ್ದುಗಳಲ್ಲಿ ಗಾಯಗೊಂಡು ಕಾಡಿಗೆ ಮರಳಲಾಗದವು, ಮರಿ ಮಾಡಿಸಲು ಸಾಕಿದವು ಇವೆ. ಒಂದು ಮೀಟರ್ ಉದ್ದದ ಹಕ್ಕಿ. ನೀಲಿ ಬೂದು ಕಣ್ಣು. ಸದ್ದು ಕೇಳಿದರೆ ತಲೆಯ ಹಿಂದಿನ ಉದ್ದ ಗರಿಗಳು ಕಿರೀಟದ ಹಾಗೆ ಎದ್ದು ನಿಲ್ಲುತ್ತವೆ, ಕತ್ತು ಓರೆ ಮಾಡಿ ನಿಮ್ಮನ್ನೇ ದಿಟ್ಟಿಸುತ್ತದೆ. ಬೆಳಗ್ಗೆ ಬೇಗ ಹೋದರೆ ಚಟುವಟಿಕೆ ಜಾಸ್ತಿ.

ಊರಿಂದ 30 ಕಿಲೋಮೀಟರಿಗೂ ಹೆಚ್ಚು. ಕಾಲಿನಾನ್‌ವರೆಗೆ ವ್ಯಾನ್ ಅಥವಾ ಜೀಪ್ನಿ, ಅಲ್ಲಿಂದ ಟ್ರೈಸಿಕಲ್. ಕೇಂದ್ರ ಇರುವುದು ನಗರದ ನೀರಿನ ಸಂಸ್ಥೆಯ ಜಾಗದೊಳಗೆ, ಹಾಗಾಗಿ ಗೇಟಿನಲ್ಲಿ ಅವರದೊಂದು ಸಣ್ಣ ಶುಲ್ಕ, ಒಳಗೆ ಕೇಂದ್ರದ ಟಿಕೆಟ್. ಬರುವಾಗ ಕಾಲಿನಾನ್‌ನ ಫಿಲಿಪೀನ್-ಜಪಾನ್ ಇತಿಹಾಸದ ಮ್ಯೂಸಿಯಂ ನೋಡಿ. ಕಳೆದ ಶತಮಾನದ ಮೊದಲ ಭಾಗದಲ್ಲಿ ಅಬಾಕಾ ತೋಟ ಮಾಡಲು ಸಾವಿರಾರು ಜಪಾನಿಯರು ಇಲ್ಲಿ ಬಂದು ನೆಲೆಸಿದ್ದರು, ಆ ಕತೆ ಅಲ್ಲಿದೆ.

ಸಮಾಲ್ ದ್ವೀಪ ಒಂದೇ ದಿನದಲ್ಲಿ ಆಗತ್ತಾ? ಬಾವಲಿ ಗುಹೆ ಹೆದರಿಕೆ ಆಗಲ್ವಾ?

ಒಂದು ದಿನದಲ್ಲಿ ಗುಹೆ, ಹಗಿಮಿತ್ ಜಲಪಾತ, ಒಂದು ಬೀಚ್ ಆಗುತ್ತದೆ. ದಾವಾವ್‌ನ ಸಾಸಾ ದಕ್ಕೆಯಿಂದ ಸಿಗಂದೂರಿನ ಲಾಂಚ್ ಥರ ವಾಹನ, ಜನ ಎಲ್ಲ ಹತ್ತಿಸಿಕೊಂಡು ಹೋಗುವ ಬಾರ್ಜ್ ಇದೆ, ಕಾಲು ಗಂಟೆಯ ದಾರಿ. ಹವಳದ ದಿಬ್ಬ, ಸ್ನಾರ್ಕೆಲಿಂಗ್ ಬೇಕು ಅಂದರೆ ಪಕ್ಕದ ತಾಲಿಕುದ್ ದ್ವೀಪ, ಅಲ್ಲಿ ಒಂದು ರಾತ್ರಿ ಉಳಿಯಿರಿ.

ಮಾನ್‌ಫೋರ್ಟ್ ಗುಹೆಯೊಳಗೆ ಯಾರನ್ನೂ ಇಳಿಸುವುದಿಲ್ಲ. ನೆಲದಲ್ಲಿ ಐದು ಬಾಯಿಗಳಿವೆ, ಬೇಲಿಯ ಆಚೆ ನಿಂತು ಇಣುಕಬೇಕು. ಗೋಡೆ ಕಾಣುವುದೇ ಇಲ್ಲ, ಬರೀ ಬಾವಲಿ. ಹಗಲಲ್ಲೂ ಕಿಚಗುಟ್ಟುತ್ತಾ, ರೆಕ್ಕೆ ಬೀಸಿಕೊಳ್ಳುತ್ತಾ, ಜಾಗಕ್ಕೆ ಒಂದನ್ನೊಂದು ತಳ್ಳುತ್ತಿರುತ್ತವೆ. 2010ರಲ್ಲಿ ಗಿನ್ನೆಸ್‌ನವರು ಈ ಜಾತಿಯ ಅತಿ ದೊಡ್ಡ ನೆಲೆ ಅಂತ ದಾಖಲಿಸಿದಾಗ ಲೆಕ್ಕ 18 ಲಕ್ಷ. ಹಿಕ್ಕೆಯ ವಾಸನೆ ತೀಕ್ಷ್ಣ, ಮಾಸ್ಕ್ ಇರಲಿ. ಏನನ್ನೂ ಮುಟ್ಟಬೇಡಿ, ಗಲಾಟೆ ಮಾಡಬೇಡಿ, ಫ್ಲ್ಯಾಷ್ ಬೇಡ.

ಡ್ಯೂರಿಯನ್ ಹೂವು ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುತ್ತದೆ. ಆ ಒಂದು ರಾತ್ರಿಯಲ್ಲಿ ಪರಾಗ ಮುಟ್ಟಿಸುವ ಕೆಲಸ ಹೆಚ್ಚಾಗಿ ಬಾವಲಿಗಳದ್ದು. ಬಾವಲಿ ಹೋದರೆ ಹಬ್ಬದ ಹಣ್ಣೂ ಕಮ್ಮಿ. ಮಕ್ಕಳಿಗೆ ಇದನ್ನು ಗುಹೆಯ ಹತ್ತಿರವೇ ಹೇಳಿ.

ಸೇತುವೆ ಆಗ್ತಾ ಇದೆಯಂತೆ, ಆದ ಮೇಲೆ ಹೋಗೋದು ಒಳ್ಳೇದಲ್ವಾ?

ದಾವಾವ್‌ನಿಂದ ಸಮಾಲ್‌ಗೆ ಸೇತುವೆ, 2022ರಲ್ಲಿ ಕೆಲಸ ಶುರುವಾಗಿದೆ. ದ್ವೀಪದವರಿಗೆ ಆಸ್ಪತ್ರೆ, ಕಾಲೇಜು ಹತ್ತಿರ ಆಗುತ್ತದೆ, ಅದು ದೊಡ್ಡ ವಿಷಯ. ಆದರೆ ಸೇತುವೆ ಸಮಾಲ್ ಕಡೆ ಇಳಿಯುವ ಜಾಗದ ಹವಳದ ದಿಬ್ಬಕ್ಕೆ ಪೆಟ್ಟು ಬೀಳುತ್ತದೆ ಅಂತ ಪರಿಸರದವರು ಕೋರ್ಟಿಗೂ ಹೋಗಿದ್ದಾರೆ. ನನಗೆ ಸೇತುವೆ ಬೇಡ ಅನ್ನಿಸಿಲ್ಲ, ಹವಳ ತಪ್ಪಿಸಿ ಕಟ್ಟಬೇಕಿತ್ತು ಅನ್ನಿಸುತ್ತದೆ. ನೀವು ಕಾಯಬೇಡಿ, ಈಗಲೇ ಹೋಗಿ.

ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಬೆಟ್ಟ ಹತ್ತೋಕಾಗಲ್ಲ. ಅವರಿಗೇನು?

ತೊರಿಲ್ ಮೇಲಿನ ಈಡನ್ ನೇಚರ್ ಪಾರ್ಕ್. ಪೈನ್ ಮರ, ತಂಪು ಗಾಳಿ, ಕೂರಲು ಜಾಗ, ಒಳಗೆ ಸುತ್ತಲು ವಾಹನ ಇದೆ. ಇನ್ನೂ ದೂರ ಹೋಗುವ ಶಕ್ತಿ ಇದ್ದರೆ ಬುಕಿದ್ನೊನ್ ಕಡೆಯ ಹೆದ್ದಾರಿಯಲ್ಲಿ ಮಾರಿಲೋಗ್. ಮಂಜು, ತರಕಾರಿ ಗದ್ದೆಗಳು, ಮಾಟಿಗ್‌ಸಲುಗ್ ಜನರ ಊರುಗಳು. ಸ್ವೆಟರ್ ಬೇಕು.

ಕುಮಾರ ಪರ್ವತ ಹತ್ತಿದ್ದೀನಿ. ಅಪೊ ಬೆಟ್ಟ ಆಗತ್ತಾ?

ಒಳ್ಳೆ ತಯಾರಿ, ಆದರೆ ಅಷ್ಟೇ ಸಾಲದು. ಕುಮಾರ ಪರ್ವತ 1,712 ಮೀಟರ್, ಅಪೊ 2,954. ಎರಡು ಮೂರು ದಿನ, ಟೆಂಟಿನಲ್ಲಿ ಮಲಗಬೇಕು, ಮೇಲೆ ರಾತ್ರಿ ಚಳಿ ಒಂದಂಕಿಗೆ ಇಳಿಯುತ್ತದೆ. ಕೆಳಗೆ ಬೇರುಗಳ ಮೇಲೆ, ಕೆಸರಿನಲ್ಲಿ ಹತ್ತಬೇಕು. ಸಾಂತಾ ಕ್ರೂಸ್ ಕಡೆಯಿಂದ ಹೋದರೆ ಮೇಲೆ ದೊಡ್ಡ ದೊಡ್ಡ ಬಂಡೆಗಳ ಇಳಿಜಾರು, ಅಲ್ಲಲ್ಲಿ ಗಂಧಕದ ಹೊಗೆ ಬುಸುಗುಡುತ್ತದೆ. ಕಿದಪವಾನ್ ಕಡೆಯ ದಾರಿಯಲ್ಲಿ ವೆನಾದೊ ಕೆರೆ ಸಿಗುತ್ತದೆ.

ಪರವಾನಗಿ, ಗೈಡ್ ಕಡ್ಡಾಯ. ಪ್ರತಿ ದಾರಿಯೂ ಬೇರೆ ಬೇರೆ ಸ್ಥಳೀಯ ಆಡಳಿತದ ಕೈಯಲ್ಲಿದೆ, ಹತ್ತುವವರ ಸಂಖ್ಯೆಗೆ ಮಿತಿ ಇದೆ, ಈಸ್ಟರ್ ವಾರಕ್ಕೆ ಬೇಗ ತುಂಬಿಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಶಿಖರದ ಹತ್ತಿರ ಬೆಂಕಿ ಹತ್ತಿ ಕಾಡು ಸುಟ್ಟುಹೋಯಿತು, ದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ಆದ್ದರಿಂದ ಒಲೆ, ಬೆಂಕಿಯ ವಿಷಯದಲ್ಲಿ ಗೈಡ್ ಹೇಳಿದ್ದೇ ಕಾನೂನು. ಅಲ್ಲಿಯ ಜನರಿಗೆ ಇದು ಹಿರಿಯರು, ದೈವ ನೆಲೆಸಿರುವ ಬೆಟ್ಟ. ಹೊರಡುವ ಮುಂಚೆ ಗೈಡ್ ಏನಾದರೂ ವಿಧಿ ಮಾಡಿದರೆ ಸುಮ್ಮನೆ ನಿಂತು ನೋಡಿ, ತಂದ ಕಸವನ್ನೆಲ್ಲ ಕೆಳಗೆ ಹೊತ್ತು ತನ್ನಿ.

ಹಬ್ಬ ಮುಗಿದ ಮೇಲೂ ನಾಲ್ಕು ದಿನ ಇದೆ. ಎಲ್ಲಿಗೆ ಹೋಗಲಿ?

ಪೂರ್ವಕ್ಕೆ, ಮಾತಿ ಊರಿಗೆ. ಎಕೋಲ್ಯಾಂಡ್ ಬಸ್ ನಿಲ್ದಾಣದಿಂದ ಬಸ್ಸು, ವ್ಯಾನ್ ಇವೆ, ಮೂರು ನಾಲ್ಕು ಗಂಟೆ. ದಹಿಕಾನ್ ಬೀಚಿನಲ್ಲಿ ಅಲ್ಲಿನ ಹುಡುಗರು ಅಲೆಯ ಅಂಚಿನಲ್ಲಿ ಹಲಗೆ ಎಸೆದು ಅದರ ಮೇಲೆ ಓಡಿ ಹತ್ತುವುದನ್ನು ನೋಡುತ್ತಾ ಕೂರಬಹುದು. ನಡೆಯುವವರಿಗೆ ಅದೇ ಕಡೆ ಹಮಿಗಿತಾನ್ ಬೆಟ್ಟ ಇದೆ, 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಮಣ್ಣಿನ ಗುಣಕ್ಕೆ ಅಲ್ಲಿನ ಮರಗಳು ಆಳೆತ್ತರಕ್ಕಿಂತ ಮೇಲೆ ಬೆಳೆಯದ ಕಾಡೊಂದಿದೆ, ಹುಳ ಹಿಡಿಯುವ ಹೂಜಿ ಗಿಡಗಳಿವೆ. ಅದಕ್ಕೂ ಸ್ಥಳೀಯ ಪರವಾನಗಿ ಬೇಕು. 2025ರ ಭೂಕಂಪ ಆದದ್ದು ಈ ಕರಾವಳಿಯಲ್ಲೇ, ಹಾಗಾಗಿ ರಸ್ತೆ, ಬೆಟ್ಟದ ದಾರಿ ತೆರೆದಿದೆಯಾ ಅಂತ ಮಾತಿಯ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಿ. ವಾಪಸ್ ವಿಮಾನದ ಹಿಂದಿನ ದಿನ ಮಧ್ಯಾಹ್ನದೊಳಗೆ ದಾವಾವ್ ಸೇರುವ ಹಾಗೆ ಲೆಕ್ಕ ಹಾಕಿಕೊಳ್ಳಿ.